ಹಳೇ ಕ್ರಿಕೆಟ್ ಕಾರ್ಡಿಗೆ ಗ್ರೇಡಿಂಗ್ ಮಾಡಿಸಬೇಕೆ? ಕಳಿಸುವ ಮೊದಲು ಹಾಕಬೇಕಾದ ಲೆಕ್ಕ

ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಹಳೇ ಕ್ರಿಕೆಟ್ ಕಾರ್ಡುಗಳು ಇನ್ನೂ ಉಳಿದಿವೆ. ಬಬಲ್‌ಗಮ್ ಜೊತೆ ಬಂದವು, ಜಾತ್ರೆಯಲ್ಲಿ ಕೊಂಡ ಟ್ರಂಪ್ ಕಾರ್ಡುಗಳು, ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ಇರುವ ಚಿಕ್ಕಪ್ಪ ತಂದುಕೊಟ್ಟ ಹೊಳೆಯುವ ಕಾರ್ಡುಗಳು. ಇಷ್ಟು ದಿನ ಅವನ್ನು ಕೇಳುವವರಿರಲಿಲ್ಲ. 2025ರ ಮೇ ತಿಂಗಳಲ್ಲಿ ವಿರಾಟ್ ಕೊಹ್ಲಿ ಟೆಸ್ಟ್ ಕ್ರಿಕೆಟ್ ಬಿಟ್ಟರು. ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಎತ್ತಿತು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಏಕದಿನ ವಿಶ್ವಕಪ್ ಗೆದ್ದರು. ಇಂಥ ಹೊತ್ತಿನಲ್ಲಿ ‘ಈ ಕಾರ್ಡಿಗೆ ಲಕ್ಷ ಸಿಗುತ್ತೆ, ಗ್ರೇಡಿಂಗ್ ಮಾಡಿಸಿ’ ಎನ್ನುವ ವಿಡಿಯೊಗಳು ಮೊಬೈಲಿಗೆ ಬಂದರೆ ಅಟ್ಟದ ಟ್ರಂಕು ಕೆಳಗಿಳಿಯುವುದು ಸಹಜ.

ಗ್ರೇಡಿಂಗ್ ಮೋಸವಲ್ಲ, ದಶಕಗಳಿಂದ ನಡೆದುಬಂದಿರುವ ವ್ಯವಸ್ಥೆ. ಆದರೆ ಅದಕ್ಕೆ ಖರ್ಚಿದೆ, ಕಾಯುವ ಕಾಲವಿದೆ. ಕಳಿಸಿದ ಕಾರ್ಡುಗಳಲ್ಲಿ ಒಳ್ಳೆಯ ಬೆಲೆ ಸಿಗುವುದು ಕೆಲವಕ್ಕೆ ಮಾತ್ರ. ನಿಮ್ಮ ಕೈಯಲ್ಲಿರುವುದು ಆ ಕೆಲವುಗಳಲ್ಲಿ ಸೇರುತ್ತದೆಯೇ ಎಂಬುದನ್ನು ಬಹುಪಾಲು ಮನೆಯಲ್ಲೇ ತಿಳಿಯಬಹುದು.

ಗ್ರೇಡಿಂಗ್ ಅಂದರೆ ಏನು

ಆಟಗಾರನ ಚಿತ್ರ ಇರುವ ಕಾರ್ಡನ್ನು ಒಂದು ಕಂಪನಿಗೆ ಕಳಿಸುತ್ತೀರಿ. ಅಲ್ಲಿನ ಪರೀಕ್ಷಕರು ಮೊದಲು ಅದು ಅಸಲಿಯೇ, ಯಾರಾದರೂ ಕತ್ತರಿಸಿ, ಬಣ್ಣ ತುಂಬಿ ತಿದ್ದಿದ್ದಾರೆಯೇ ಎಂದು ನೋಡುತ್ತಾರೆ. ಆಮೇಲೆ ಅದರ ಸ್ಥಿತಿಗೆ 1ರಿಂದ 10ರವರೆಗೆ ಅಂಕ ಕೊಡುತ್ತಾರೆ. ಕೊನೆಗೆ ಅದನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಬೆಸೆಯುತ್ತಾರೆ. ಡಬ್ಬಿ ಒಡೆಯದೆ ಕಾರ್ಡು ಆಚೆ ಬರುವುದಿಲ್ಲ. ಈ ಡಬ್ಬಿಗೆ ಸಂಗ್ರಾಹಕರು ‘ಸ್ಲ್ಯಾಬ್’ ಎನ್ನುತ್ತಾರೆ. ಅದರ ಮೇಲಿನ ಚೀಟಿಯಲ್ಲಿ ಕಾರ್ಡಿನ ಹೆಸರು, ವರ್ಷ, ಅಂಕ ಮತ್ತು ಒಂದು ನೋಂದಣಿ ಸಂಖ್ಯೆ ಇರುತ್ತದೆ.

ಕಾಫಿ ಬೆಳೆಯುವ ಊರಿನವರಿಗೆ ಇದು ಹೊಸದೇನಲ್ಲ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜವನ್ನು ಜರಡಿ ಹಿಡಿದು, ಕಪ್ಪು ಬೀಜ, ಒಡಕು ಬೀಜ ಬೇರೆ ಮಾಡಿ, ಪ್ಲಾಂಟೇಷನ್ ಎ, ಬಿ, ಸಿ, ಪಿಬಿ ಎಂದು ವಿಂಗಡಿಸುತ್ತಾರೆ. ಎಲ್ಲೋ ದೂರದಲ್ಲಿರುವ ಖರೀದಿದಾರ ಮೂಟೆ ಬಿಚ್ಚಿ ನೋಡದೆ ಆ ಹೆಸರಿನ ಮೇಲೆ ಬೆಲೆ ಕಟ್ಟುತ್ತಾನೆ. ವಿಂಗಡಣೆಯಿಂದ ಬೀಜ ಉತ್ತಮವಾಗುವುದಿಲ್ಲ, ಅದು ಏನಾಗಿತ್ತೋ ಅದು ಎಲ್ಲರಿಗೂ ಒಂದೇ ಮಾತಿನಲ್ಲಿ ತಿಳಿಯುತ್ತದೆ, ಅಷ್ಟೆ. ಕಾರ್ಡಿನ ಗ್ರೇಡಿಂಗ್ ಕೆಲಸವೂ ಅದೇ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಕಾಫಿ ಬೀಜದ ಗಾತ್ರವನ್ನು ಜರಡಿ ಹೇಳುತ್ತದೆ. ಕಾರ್ಡಿನ ಕೊನೆಯ ಅಂಕ ಮನುಷ್ಯರ ಕಣ್ಣಿನ ತೀರ್ಮಾನ. ಹಾಗಾಗಿ ಒಂದು ಸಲ 9 ಬಂದ ಕಾರ್ಡು, ಡಬ್ಬಿ ಒಡೆದು ಮತ್ತೆ ಕಳಿಸಿದಾಗ 10 ಆಗಬಹುದು, 8ಕ್ಕೆ ಇಳಿಯಲೂಬಹುದು.

ಪ್ರಪಂಚದ ಮಾರುಕಟ್ಟೆ ಹೆಚ್ಚಾಗಿ ನಂಬುವ ಹೆಸರುಗಳು ನಾಲ್ಕು: ಪಿಎಸ್ಎ, ಬೆಕೆಟ್, ಎಸ್‌ಜಿಸಿ, ಸಿಜಿಸಿ. ನಾಲ್ಕೂ ಅಮೆರಿಕದವು. 1991ರಲ್ಲಿ ಶುರುವಾದ ಪಿಎಸ್ಎ ಇವುಗಳಲ್ಲಿ ದೊಡ್ಡದು. ಅದರ 10ಕ್ಕೆ ‘ಜೆಮ್ ಮಿಂಟ್’, 9ಕ್ಕೆ ‘ಮಿಂಟ್’ ಎಂದು ಹೆಸರು. ಬೆಕೆಟ್ ಕಂಪನಿ ಅರ್ಧ ಅಂಕಗಳನ್ನೂ ಕೊಡುತ್ತದೆ. ಜೊತೆಗೆ ಕಾರ್ಡಿನ ನಾಲ್ಕು ಗುಣಗಳಿಗೆ ಬೇರೆಬೇರೆ ಅಂಕ ಬರೆಯುವುದು ಅದರ ಹೆಸರುವಾಸಿ ಪದ್ಧತಿ. ಯಾರೋ ತಮ್ಮಷ್ಟಕ್ಕೆ ಡಬ್ಬಿ ತರಿಸಿ, ‘10’ ಎಂದು ಚೀಟಿ ಅಂಟಿಸಿ ಮಾರುವುದೂ ಉಂಟು. ಆ 10ಕ್ಕೆ ಆಚೆ ಬೆಲೆ ಇಲ್ಲ.

ಯಾವ ಕಾರ್ಡು ಲೆಕ್ಕಕ್ಕೆ ಬರುತ್ತದೆ

ಸ್ಥಿತಿ ನೋಡುವ ಮೊದಲು ಕೇಳಬೇಕಾದ್ದು, ಈ ಕಾರ್ಡು ಯಾರಿಗಾದರೂ ಬೇಕಾಗಿದೆಯೇ ಎಂದು. ಯಾರೂ ಹುಡುಕದ ಕಾರ್ಡಿಗೆ 10 ಬಂದರೂ ಅದು ಯಾರೂ ಹುಡುಕದ ಕಾರ್ಡೇ.

ಬೇಡಿಕೆ ಹುಟ್ಟುವ ಕಾರಣಗಳು ಕೆಲವೇ. ದೊಡ್ಡ ಆಟಗಾರನ ಮೊದಲ ವರ್ಷದ ಕಾರ್ಡು, ಅಂದರೆ ‘ರೂಕಿ ಕಾರ್ಡ್’, ಅವುಗಳಲ್ಲಿ ಮುಖ್ಯವಾದದ್ದು. ಎಷ್ಟು ಪ್ರತಿ ಅಚ್ಚಾಗಿವೆ ಎಂದು ಕಾರ್ಡಿನ ಮೇಲೇ ನಮೂದಾಗಿರುವುದು ಇನ್ನೊಂದು. 99ರಲ್ಲಿ 27ನೆಯದು ಎನ್ನುವಂತೆ ಸಂಖ್ಯೆ ಇರುವವು. ಕಂಪನಿಯೇ ಆಟಗಾರನಿಂದ ಸಹಿ ಹಾಕಿಸಿ ಪ್ಯಾಕೆಟ್ಟಿಗೆ ಹಾಕಿದವು, ಮಾಮೂಲಿ ಕಾರ್ಡಿನದೇ ಬೇರೆ ಬಣ್ಣದ, ಬೇರೆ ಹೊಳಪಿನ ಅಪರೂಪದ ಅಚ್ಚುಗಳು, ಇವನ್ನೂ ಜನ ಹುಡುಕುತ್ತಾರೆ.

ನಮ್ಮಲ್ಲಿ ಮಕ್ಕಳ ಕೈಗೆ ಹೆಚ್ಚಾಗಿ ಸಿಕ್ಕಿದ್ದು ಟಾಪ್ಸ್ ಕಂಪನಿಯ ‘ಕ್ರಿಕೆಟ್ ಅಟ್ಯಾಕ್ಸ್’ ಕಾರ್ಡುಗಳು. ಅವು ಆಡಲೆಂದೇ ಅಚ್ಚಾದವು, ಬೇಕಾದಷ್ಟು ಸಂಖ್ಯೆಯಲ್ಲಿ ಅಚ್ಚಾದವು. ಮಾಮೂಲಿ ಆಟಗಾರನ ಮಾಮೂಲಿ ಕಾರ್ಡಿಗೆ ಗ್ರೇಡಿಂಗ್ ಖರ್ಚು ಹುಟ್ಟುವುದಿಲ್ಲ. ತೊಂಬತ್ತರ ದಶಕದ ಆಸ್ಟ್ರೇಲಿಯದ ಫ್ಯೂಟೆರಾ ಕಂಪನಿಯ ಕಾರ್ಡುಗಳು ನಿಮ್ಮ ಬಳಿ ಇದ್ದರೆ ಅವನ್ನು ಬೇರೆ ಇಟ್ಟು ನಿಧಾನವಾಗಿ ನೋಡುವುದು ಒಳ್ಳೆಯದು. ಬಬಲ್‌ಗಮ್ ಕಾರ್ಡು, ಟ್ರಂಪ್ ಕಾರ್ಡುಗಳ ವಿಷಯದಲ್ಲಿ ಬೇರೆಯದೇ ತೊಡಕು. ಎಷ್ಟೋ ಕಾರ್ಡುಗಳ ಮೇಲೆ ವರ್ಷವೇ ಇರುವುದಿಲ್ಲ, ಯಾರು ಅಚ್ಚು ಹಾಕಿದರೆಂಬುದೂ ಇರುವುದಿಲ್ಲ. ಗ್ರೇಡಿಂಗ್ ಕಂಪನಿಗಳು ತಾವು ಗುರುತಿಸಲಾಗದ ಕಾರ್ಡನ್ನು ತಿರಸ್ಕರಿಸುತ್ತವೆ. ಇಂಥದ್ದನ್ನು ಕಳಿಸುವ ಮೊದಲು ಎರಡೂ ಬದಿಯ ಫೋಟೊ ಹಾಕಿ ‘ಇದನ್ನು ತೆಗೆದುಕೊಳ್ಳುತ್ತೀರಾ’ ಎಂದು ಕೇಳಲೇಬೇಕು.

ಹಳೆಯದಾದರೆ ಬೆಲೆ ಬರುತ್ತದೆ ಎಂಬ ನಂಬಿಕೆಯನ್ನೂ ಇಲ್ಲೇ ಬಿಡಬೇಕು. ಅಮೆರಿಕದಲ್ಲಿ 1980ರ ದಶಕದ ಕೊನೆಯಿಂದ 1990ರ ದಶಕದ ಮೊದಲ ವರ್ಷಗಳವರೆಗೆ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ಕಾರ್ಡುಗಳನ್ನು ಮಿತಿಮೀರಿ ಅಚ್ಚು ಹಾಕಿದರು. ಜನ ಅವನ್ನು ‘ಮುಂದೆ ಬೆಲೆ ಬರುತ್ತೆ’ ಎಂದೇ ಜೋಪಾನವಾಗಿಟ್ಟರು. ಎಲ್ಲರೂ ಜೋಪಾನ ಮಾಡಿದ್ದರಿಂದ ಮೂವತ್ತು ವರ್ಷ ಕಳೆದರೂ ಅವುಗಳಲ್ಲಿ ಹೆಚ್ಚಿನವಕ್ಕೆ ಬೆಲೆ ಇಲ್ಲ. ವಿದೇಶದ ನೆಂಟರು ಕೊಟ್ಟ ಪೆಟ್ಟಿಗೆ ಆ ಕಾಲದ್ದಾದರೆ ಇದು ನೆನಪಿರಲಿ.

ಇನ್ನೊಂದು ಮಾತು, ಊರಿನ ಅಭಿಮಾನದ ಬಗ್ಗೆ. ಹಾಸನ ಜಿಲ್ಲೆಯ ಜಾವಗಲ್ ಎಂಬ ಹೆಸರನ್ನು ಕ್ರಿಕೆಟ್ ಲೋಕಕ್ಕೆಲ್ಲ ಪರಿಚಯಿಸಿದವರು ಜಾವಗಲ್ ಶ್ರೀನಾಥ್. 67 ಟೆಸ್ಟ್, 236 ವಿಕೆಟ್. ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ ಭಾರತದ ಪರ ಎರಡು ಟೆಸ್ಟ್ ಆಡಿದರು. ಕಡೂರಿನ ವೇದಾ ಕೃಷ್ಣಮೂರ್ತಿ ಭಾರತ ತಂಡದಲ್ಲಿ ವರ್ಷಗಟ್ಟಲೆ ಆಡಿದರು. ಇವರ ಚಿತ್ರವಿರುವ ಕಾರ್ಡು ನಮಗೆ ದೊಡ್ಡದು, ದೊಡ್ಡದೇ ಆಗಿರಬೇಕು. ಆದರೆ ಮಾರುಕಟ್ಟೆ ಬೆಲೆ ಕಟ್ಟುವುದು ಎಷ್ಟು ಜನ ಕೊಳ್ಳಲು ನಿಂತಿದ್ದಾರೆ ಎಂಬುದರ ಮೇಲೆ. ಅಭಿಮಾನದ ಕಾರ್ಡನ್ನೂ ಮಾರುವ ಕಾರ್ಡನ್ನೂ ಎರಡು ಬೇರೆ ರಾಶಿ ಮಾಡಿಕೊಂಡರೆ ಮುಂದಿನ ತೀರ್ಮಾನ ಸುಲಭ.

ಪರೀಕ್ಷಕರು ನೋಡುವ ನಾಲ್ಕು ಸಂಗತಿ

ಇಲ್ಲಿ ತಾಳ್ಮೆ ಬೇಕು. ಕಿಟಕಿಯ ಪಕ್ಕದ ಬೆಳಕು, ಒಂದು ಎಲ್‌ಇಡಿ ಟಾರ್ಚ್, ಮಿಲಿಮೀಟರ್ ಗುರುತಿರುವ ಸ್ಟೀಲ್ ಸ್ಕೇಲು, ಚಿನ್ನದ ಅಂಗಡಿಯವರು ಕಣ್ಣಿಗಿಟ್ಟುಕೊಳ್ಳುವಂಥ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಇಷ್ಟಿದ್ದರೆ ಸಾಕು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಕೂರಿ. ಕಾರ್ಡನ್ನು ಅಂಚಿನಲ್ಲಷ್ಟೇ ಹಿಡಿಯಿರಿ.

ಮೊದಲನೆಯದು ಸೆಂಟರಿಂಗ್. ಚಿತ್ರದ ಸುತ್ತ ಇರುವ ಖಾಲಿ ಅಂಚು ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ ಸಮನಾಗಿದೆಯೇ ಎಂಬುದು. ಎಡದಲ್ಲಿ 3 ಮಿ.ಮೀ., ಬಲದಲ್ಲಿ 2 ಮಿ.ಮೀ. ಇದ್ದರೆ ಒಟ್ಟು 5. ಹಾಗಾಗಿ ಅದು 60-40ರ ಕಾರ್ಡು. ಎಡಕ್ಕೆ ಮೂರೂವರೆ, ಬಲಕ್ಕೆ ಒಂದೂವರೆ ಇದ್ದರೆ 70-30. ಮುಂಭಾಗದಲ್ಲಿ 55-45 ದಾಟಿದರೆ ಪಿಎಸ್ಎಯಲ್ಲಿ 10 ಬರುವ ಆಸೆ ಇಟ್ಟುಕೊಳ್ಳಬೇಡಿ. ಹಿಂಭಾಗಕ್ಕೆ ಸಡಿಲಿಕೆ ಇದೆ, 75-25ರವರೆಗೂ ನಡೆಯುತ್ತದೆ. ಸೆಂಟರಿಂಗ್ ತಪ್ಪು ನಿಮ್ಮದಲ್ಲ, ಕಾರ್ಖಾನೆಯಲ್ಲಿ ಹಾಳೆ ಕತ್ತರಿಸುವಾಗಲೇ ಆದದ್ದು. ಪ್ಯಾಕೆಟ್ಟಿನಿಂದ ತೆಗೆದು ಮುಟ್ಟದೇ ಇಟ್ಟ ಕಾರ್ಡಿಗೂ 8 ಬರುವುದು ಇದೇ ಕಾರಣಕ್ಕೆ. ಈ ಅಳತೆಗೆ ಕಣ್ಣಂದಾಜು ಬೇಡ, ಸ್ಕೇಲು ಇಟ್ಟೇ ನೋಡಬೇಕು.

ಎರಡನೆಯದು ಮೂಲೆಗಳು. ನಾಲ್ಕೂ ಮೂಲೆ ಚೂಪಾಗಿರಬೇಕು. ಒಂದು ಸಲ ನೆಲಕ್ಕೆ ಬಿದ್ದರೆ ಸಾಕು, ಮೂಲೆ ಮೊಂಡಾಗುತ್ತದೆ, ಕಾಗದದ ಪದರ ಬಿಚ್ಚಿ ಬೆಳ್ಳಗೆ ನೂಲಿನಂತೆ ಕಾಣುತ್ತದೆ. ಬರಿಗಣ್ಣಿಗೆ ಸರಿ ಕಂಡದ್ದು ಭೂತಗನ್ನಡಿಯಲ್ಲಿ ಸರಿ ಇರುವುದಿಲ್ಲ. ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದರೆ ಮೊದಲ ಮತ್ತು ಕೊನೆಯ ಕಾರ್ಡಿನ ಅಂಚು ಒತ್ತಿಹೋಗಿರುವುದು ಬಹುತೇಕ ಖಚಿತ.

ಮೂರನೆಯದು ಅಂಚು. ಕಪ್ಪು ಅಥವಾ ಗಾಢ ಬಣ್ಣದ ಅಂಚಿನ ಕಾರ್ಡುಗಳಲ್ಲಿ ಬಣ್ಣ ಚೂರು ಎದ್ದರೂ ಬಿಳಿ ಚುಕ್ಕೆ ಎದ್ದು ಕಾಣುತ್ತದೆ. ಹೀಗಾಗಿ ಅಂಥ ಕಾರ್ಡಿಗೆ 10 ಸಿಗುವುದು ಕಷ್ಟ, ಸಿಕ್ಕರೆ ಬೆಲೆಯೂ ಜಾಸ್ತಿ. ಹಿಂಬದಿ ತಿರುಗಿಸಿ ನೋಡುವುದನ್ನು ಜನ ಮರೆಯುತ್ತಾರೆ. ಅಂಕ ಹೋಗುವುದು ಎಷ್ಟೋ ಸಲ ಅಲ್ಲೇ.

ನಾಲ್ಕನೆಯದು ಮೇಲ್ಮೈ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಕಾರ್ಡಿನ ಮಟ್ಟಕ್ಕೆ ಓರೆಯಾಗಿ ಹಿಡಿದು, ಕಾರ್ಡನ್ನು ಮೆಲ್ಲಗೆ ಆಡಿಸಿ. ನೇರ ಬೆಳಕಿನಲ್ಲಿ ಕಾಣದ ಗೀರು, ತಗ್ಗು, ಅಚ್ಚಿನ ಗೆರೆ, ಬೆರಳಿನ ಗುರುತು ಎಲ್ಲವೂ ಆಗ ಕಾಣುತ್ತವೆ. ಹೊಳಪಿನ ಕಾರ್ಡುಗಳಲ್ಲಿ ಸೋಲು ಹೆಚ್ಚಾಗಿ ಇಲ್ಲಿಯೇ. ಕಣ್ಣಿಗೆ ಕಾಣುವ ಮಡಿಕೆಯ ಗೆರೆ ಒಂದಿದ್ದರೆ, ಉಳಿದದ್ದೆಲ್ಲ ಚೆನ್ನಾಗಿದ್ದರೂ, ಅಂಕ 4ರ ಆಸುಪಾಸಿಗೆ ಇಳಿಯುತ್ತದೆ. ಹಿಂಬದಿಯಲ್ಲಿ ಪೆನ್ನಿನಿಂದ ಬರೆದ ಹೆಸರು, ನೋಟ್‌ಬುಕ್ಕಿಗೆ ಗೋಂದು ಹಾಕಿ ಅಂಟಿಸಿ ಕಿತ್ತ ಗುರುತು, ಅಂಟುಪಟ್ಟಿಯ ಕಲೆ, ಇವು ನಮ್ಮ ಮನೆಯ ಕಾರ್ಡುಗಳಲ್ಲಿ ಸಾಮಾನ್ಯ. ಆ ಕಾರ್ಡು ತೀರಾ ಅಪರೂಪದ್ದಲ್ಲದಿದ್ದರೆ ಗ್ರೇಡಿಂಗ್ ಯೋಚನೆ ಅಲ್ಲಿಗೇ ಬಿಡಬಹುದು.

ನಾಲ್ಕರಲ್ಲಿ ಸರಾಸರಿ ತೆಗೆಯುತ್ತಾರೆ ಎಂದುಕೊಳ್ಳಬೇಡಿ. ಮೂರು ಅತ್ಯುತ್ತಮವಾಗಿದ್ದು ಒಂದು ಹಾಳಾಗಿದ್ದರೆ ಅಂಕ ಆ ಒಂದರ ಕಡೆಗೇ ವಾಲುತ್ತದೆ. ಆದ್ದರಿಂದ ಕಾರ್ಡಿನ ಅತಿ ಕೆಟ್ಟ ಜಾಗ ಯಾವುದೆಂದು ಹುಡುಕಿ, ಅದಕ್ಕೆ ತಕ್ಕ ಅಂಕ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಮಲೆನಾಡಿನ ತೇವ

ಅರಸೀಕೆರೆ, ಕಡೂರಿನ ಬಯಲುಸೀಮೆಯಲ್ಲಿ ಇಟ್ಟ ಕಾರ್ಡಿಗೂ ಸಕಲೇಶಪುರ, ಮೂಡಿಗೆರೆ, ಕೊಪ್ಪದಲ್ಲಿ ಮಳೆಗಾಲ ಕಳೆದ ಕಾರ್ಡಿಗೂ ವ್ಯತ್ಯಾಸವಿದೆ. ಕಾಗದ ತೇವ ಹೀರುತ್ತದೆ. ಒಂದು ಬದಿಗೆ ಹೊಳಪಿನ ಪದರ, ಇನ್ನೊಂದು ಬದಿಗೆ ಬರೀ ಕಾಗದ ಇರುವ ಕಾರ್ಡಾದರೆ ಕಾಗದದ ಬದಿ ಮಾತ್ರ ಹಿಗ್ಗಿ ಕಾರ್ಡು ಬಿಲ್ಲಿನಂತೆ ಬಾಗುತ್ತದೆ. ತೇವದಲ್ಲಿ ಒಂದರ ಮೇಲೊಂದು ಇಟ್ಟ ಹೊಳಪು ಕಾರ್ಡುಗಳು ಅಂಟಿಕೊಳ್ಳುತ್ತವೆ. ಬೇರ್ಪಡಿಸಲು ಎಳೆದರೆ ಎರಡೂ ಹಾಳು. ಬೂಷ್ಟು ಹಿಡಿದ ಚುಕ್ಕೆ, ಪುಸ್ತಕದ ಹುಳು ತಿಂದ ಗುರುತು, ಬಚ್ಚಲೊಲೆಯ ಹೊಗೆಗೆ ಹಳದಿಯಾದ ಬಿಳಿ ಅಂಚು, ಇವುಗಳನ್ನೂ ಹುಡುಕಿ.

ಬಾಗಿದ ಕಾರ್ಡನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಸ್ಕೆಚ್‌ಪೆನ್ನಿನಿಂದ ಅಂಚಿನ ಬಿಳಿ ಮುಚ್ಚುವುದು ಮಾಡಲೇಬೇಡಿ. ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯಿಂದ ಧೂಳು ತೆಗೆಯುವುದಷ್ಟೇ ಸುರಕ್ಷಿತ. ಅದಕ್ಕಿಂತ ಮುಂದೆ ಹೋದರೆ ಅದು ತಿದ್ದುಪಡಿ. ತಿದ್ದಿದ್ದು ಗೊತ್ತಾದರೆ ಅಂಕ ಕೊಡುವುದಿಲ್ಲ, ಶುಲ್ಕವೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ತಿದ್ದುಪಡಿಯ ವಿಷಯಕ್ಕೆ ಬಂದರೆ ಈ ಉದ್ಯಮದ ಮೊದಲ ಪುಟದಲ್ಲೇ ಒಂದು ಕಥೆ ಇದೆ. ಪಿಎಸ್ಎ 1991ರಲ್ಲಿ ಮೊಟ್ಟಮೊದಲು ಅಂಕ ಕೊಟ್ಟಿದ್ದು ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡಿಗೆ. 1909ರಿಂದ 1911ರ ನಡುವೆ ಸಿಗರೇಟು ಪೊಟ್ಟಣದ ಜೊತೆ ಬಂದ, ಬಲು ಅಪರೂಪದ ಕಾರ್ಡು ಅದು. ಬಂದ ಅಂಕ 8. ಆ ಕಾರ್ಡು 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. ಅದನ್ನು ಹಿಂದೆ ಮಾರಿದ್ದ ವ್ಯಾಪಾರಿ ಬಿಲ್ ಮಾಸ್ಟ್ರೊ 2013ರಲ್ಲಿ ನ್ಯಾಯಾಲಯದಲ್ಲಿ, ಅಂಚುಗಳನ್ನು ತಾನೇ ಕತ್ತರಿಸಿ ಚೂಪು ಮಾಡಿದ್ದಾಗಿ ಒಪ್ಪಿಕೊಂಡರು. ಪರೀಕ್ಷಕರ ಕಣ್ಣೂ ತಪ್ಪುತ್ತದೆ ಎಂಬುದಕ್ಕೆ ಇಷ್ಟು ದೊಡ್ಡ ಸಾಕ್ಷಿ ಮತ್ತೊಂದಿಲ್ಲ. ಈಗ ಕಾರ್ಡಿನ ಗಾತ್ರವನ್ನು ಬಿಗಿಯಾಗಿ ಅಳೆಯುತ್ತಾರೆ. ಮಾಮೂಲಿ ಕಾರ್ಡು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಹಾಳೆಯಿಂದ ಮನೆಯಲ್ಲಿ ಕತ್ತರಿಯಿಂದ ಬಿಡಿಸಿಕೊಂಡ ಕಾರ್ಡುಗಳು ಈ ಹಂತದಲ್ಲೇ ನಿಲ್ಲುತ್ತವೆ.

ಬೆಲೆ ಎಲ್ಲಿ ನೋಡಬೇಕು

ಜಾಲತಾಣದಲ್ಲಿ ಯಾರೋ ಒಂದು ಕಾರ್ಡಿಗೆ ಎರಡು ಲಕ್ಷ ಎಂದು ಹಾಕಿದ್ದಾರೆಂದರೆ ಅದು ಅವರು ಕೇಳುತ್ತಿರುವ ಬೆಲೆ. ಕೊಟ್ಟವರು ಯಾರೂ ಇಲ್ಲದಿರಬಹುದು. ಇ-ಬೇ ತಾಣದಲ್ಲಿ ‘ಮಾರಾಟವಾದವು’ ಎಂದು ಬೇರ್ಪಡಿಸಿ ನೋಡುವ ಸೌಲಭ್ಯವಿದೆ. ನಿಮಗೆ ಬೇಕಾದ್ದು ಆ ಅಂಕಿ. ಒಂದೇ ಮಾರಾಟ ನೋಡಿ ನಂಬದೆ, ಈಚಿನ ಹಲವು ಮಾರಾಟ ನೋಡಿ. ಮೂರು ಬೆಲೆ ಬರೆದುಕೊಳ್ಳಿ: ಗ್ರೇಡಿಂಗ್ ಇಲ್ಲದ ಬಿಡಿ ಕಾರ್ಡಿನದು, 9 ಬಂದದ್ದರದು, 10 ಬಂದದ್ದರದು.

ಜೊತೆಗೆ ಕಂಪನಿಗಳು ‘ಪಾಪ್ಯುಲೇಷನ್ ರಿಪೋರ್ಟ್’ ಎಂಬ ಪಟ್ಟಿ ಇಡುತ್ತವೆ. ಒಂದು ಕಾರ್ಡು ಇದುವರೆಗೆ ಎಷ್ಟು ಬಂದಿವೆ, ಅದರಲ್ಲಿ 10 ಎಷ್ಟಕ್ಕೆ, 9 ಎಷ್ಟಕ್ಕೆ ಎಂಬ ಲೆಕ್ಕ ಅದು. ನೂರರಲ್ಲಿ ಎಂಬತ್ತಕ್ಕೆ 10 ಬಂದಿದ್ದರೆ ನಿಮ್ಮದಕ್ಕೂ ಬರಬಹುದು, ಆದರೆ ಆ 10ಕ್ಕೆ ಬೆಲೆ ಕಡಿಮೆ. ನೂರರಲ್ಲಿ ಐದಕ್ಕಷ್ಟೇ 10 ಬಂದಿದ್ದರೆ ಬೆಲೆ ದೊಡ್ಡದು, ನಿಮಗೆ ಸಿಗುವ ಸಾಧ್ಯತೆ ಚಿಕ್ಕದು.

ಬೆಲೆ ನಿಂತಲ್ಲಿ ನಿಲ್ಲುವುದಿಲ್ಲ. ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್‌ನ 1986ರ ಫ್ಲೀರ್ ಕಂಪನಿಯ ಕಾರ್ಡು ಇದಕ್ಕೆ ಉದಾಹರಣೆ. ಪಿಎಸ್ಎ 10 ಪಡೆದ ಪ್ರತಿಗಳು ಮುನ್ನೂರಕ್ಕೂ ಹೆಚ್ಚು ಇವೆ. 2021ರ ಜನವರಿ ಕೊನೆಯಲ್ಲಿ ಅಂಥ ಒಂದು ಕಾರ್ಡು 7,38,000 ಡಾಲರಿಗೆ ಹೋಯಿತು. ಅದೇ ವರ್ಷದ ಮಧ್ಯದ ಹೊತ್ತಿಗೆ ಅದರಂಥದ್ದೇ ಕಾರ್ಡು ಅದರ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಆ ಕೋವಿಡ್ ಕಾಲದಲ್ಲಿ ಕಾರ್ಡುಗಳ ರಾಶಿ ಬಿದ್ದು, 2021ರ ಮಾರ್ಚ್ ಕೊನೆಯಲ್ಲಿ ಪಿಎಸ್ಎ ತನ್ನ ಅಗ್ಗದ ದರದ ಸೇವೆಗಳನ್ನೇ ನಿಲ್ಲಿಸಬೇಕಾಯಿತು. ಬೆಲೆ ಏರಿದಾಗ ಕಳಿಸಿದವರು ಬೆಲೆ ಇಳಿದ ಮೇಲೆ ಕಾರ್ಡು ವಾಪಸ್ ಪಡೆದರು. ಕಪ್ ಗೆದ್ದ ವಾರದ ಬೆಲೆ ನೋಡಿ ಲೆಕ್ಕ ಹಾಕಬಾರದು ಎನ್ನುವುದು ಇದಕ್ಕೇ.

ಹತ್ತು ಕಾರ್ಡಿನ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕ ತಿಳಿಸಲು ಹಾಕಿಕೊಂಡವು. ನಿಮ್ಮ ಕಾರ್ಡಿನ ನಿಜ ಬೆಲೆ, ಆ ದಿನದ ಶುಲ್ಕ ಹಾಕಿ ಇದನ್ನೇ ಮತ್ತೆ ಮಾಡಬೇಕು.

ಬಿಡಿ ಕಾರ್ಡು 3,000 ರೂಪಾಯಿಗೆ ಹೋಗುತ್ತದೆ ಎನ್ನಿ. 8 ಬಂದರೂ ಅಷ್ಟೇ, 3,000. 9 ಬಂದರೆ 5,000. 10 ಬಂದರೆ 15,000. ಗ್ರೇಡಿಂಗ್ ಶುಲ್ಕ 2,500, ಹೋಗಿಬರುವ ಸಾಗಣೆ ಮತ್ತು ವಿಮೆಯ ಪಾಲು 1,500, ಸುಂಕ ಮತ್ತು ಮಧ್ಯವರ್ತಿಯ ಪಾಲು 800. ಒಟ್ಟು ಖರ್ಚು 4,800. ಮಾರಾಟದ ತಾಣ ನೂರಕ್ಕೆ 13 ಕಮಿಷನ್ ಹಿಡಿಯುತ್ತದೆ.

ಗ್ರೇಡಿಂಗ್ ಮಾಡಿಸದೆ ಇವತ್ತೇ ಮಾರಿದರೆ ಕಮಿಷನ್ ಕಳೆದು ಕೈಗೆ 2,610. 10 ಬಂದರೆ ಕಮಿಷನ್ ಕಳೆದು 13,050, ಖರ್ಚೂ ಕಳೆದರೆ 8,250. 9 ಬಂದರೆ ಕಮಿಷನ್ ಕಳೆದು 4,350. ಖರ್ಚು 4,800, ಅಂದರೆ ಕೈಯಿಂದ 450 ಹೋಯಿತು. 8 ಬಂದರೆ ಹೋಗುವುದು 2,190.

ಇಂಥ ಹತ್ತು ಕಾರ್ಡು ಕಳಿಸಿದಿರಿ, ಎರಡಕ್ಕೆ 10, ಐದಕ್ಕೆ 9, ಮೂರಕ್ಕೆ 8 ಬಂತು ಎನ್ನಿ. ಎರಡರಿಂದ ಬಂದದ್ದು 16,500. ಐದು 9ಗಳಿಂದ ಹೋದದ್ದು 2,250, ಮೂರು 8ಗಳಿಂದ ಹೋದದ್ದು 6,570. ಉಳಿದದ್ದು 7,680. ಹತ್ತನ್ನೂ ಹಾಗೇ ಮಾರಿದ್ದರೆ 26,100 ಸಿಗುತ್ತಿತ್ತು. ‘10 ಬಂದರೆ ಐದು ಪಟ್ಟು’ ಎಂಬ ಮಾತು ಸುಳ್ಳಲ್ಲ, ಆದರೂ ಒಟ್ಟು ಲೆಕ್ಕದಲ್ಲಿ 18 ಸಾವಿರಕ್ಕೂ ಹೆಚ್ಚು ನಷ್ಟ. ಇದೇ ಹತ್ತರಲ್ಲಿ ಒಂದಕ್ಕೂ 8 ಬರದೆ, ನಾಲ್ಕಕ್ಕೆ 10, ಆರಕ್ಕೆ 9 ಬಂದರೆ 30,300 ಉಳಿಯುತ್ತದೆ, ಅಲ್ಲಿಗೆ ಲಾಭ ಶುರು. ಮೂರಕ್ಕೆ ಮಾತ್ರ 10 ಬಂದು ಉಳಿದ ಏಳಕ್ಕೂ 9 ಬಂದರೆ ಮತ್ತೆ ನಷ್ಟವೇ.

ಲಾಭ ನಷ್ಟ ನಿಂತಿರುವುದು ಹೆಚ್ಚಾಗಿ 9ರ ಬೆಲೆಯ ಮೇಲೆ. 10ರ ಬೆಲೆಯನ್ನು ಎಲ್ಲರೂ ನೋಡುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ, ‘9 ಬಂದರೂ ಬಿಡಿ ಕಾರ್ಡಿನ ದುಡ್ಡು, ಖರ್ಚಿನ ದುಡ್ಡು ಎರಡೂ ವಾಪಸ್ ಬರುತ್ತದೆಯೇ’ ಎಂಬುದು. ಬರುತ್ತದೆ ಎಂದಾದರೆ ಕಳಿಸಬಹುದು. ಬರುವುದಿಲ್ಲ ಎಂದಾದರೆ ನೀವು 10ರ ಮೇಲೆ ಪಣ ಕಟ್ಟುತ್ತಿದ್ದೀರಿ. ಮುಟ್ಟದೇ ಇಟ್ಟ, ಸ್ಕೇಲು, ಟಾರ್ಚು, ಭೂತಗನ್ನಡಿ ಮೂರರ ಮುಂದೆಯೂ ಗೆದ್ದ ಕಾರ್ಡಿಗೆ ಮಾತ್ರ ಆ ಧೈರ್ಯ ಸರಿ.

ಈ ನಿಯಮ ಮುರಿಯುವುದು ಒಂದೇ ಕಡೆ, ಕಾರ್ಡು ನಿಜಕ್ಕೂ ಅಪರೂಪದ್ದಾಗಿದ್ದಾಗ. ವ್ಯಾಗ್ನರ್ ಕಾರ್ಡಿನಂಥದ್ದಕ್ಕೆ 1 ಅಥವಾ 2 ಬಂದರೂ ಕೊಳ್ಳುವವರಿದ್ದಾರೆ. ಅಲ್ಲಿ ಬೇಕಾಗಿರುವುದು ಅಂಕಕ್ಕಿಂತ ಅಸಲಿ ಎಂಬ ಮುದ್ರೆ.

ದುಡ್ಡಲ್ಲದ ಕಾರಣಗಳು

ಮಾರುವ ಯೋಚನೆಯೇ ಇಲ್ಲದವರೂ ಗ್ರೇಡಿಂಗ್ ಮಾಡಿಸುತ್ತಾರೆ. ತೀರಿಹೋದ ಅಣ್ಣನ ಸಂಗ್ರಹದ ಒಂದು ಕಾರ್ಡನ್ನು ಗಟ್ಟಿ ಡಬ್ಬಿಯಲ್ಲಿ ಉಳಿಸಿಕೊಳ್ಳಬೇಕು ಎನ್ನುವವರಿಗೆ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ. ಆದರೆ ಬರೀ ರಕ್ಷಣೆಯೇ ಬೇಕಾದರೆ ಅಮೆರಿಕದವರೆಗೆ ಹೋಗಬೇಕಿಲ್ಲ. ಕಾರ್ಡಿನ ಅಳತೆಯ ತೆಳು ಪ್ಲಾಸ್ಟಿಕ್ ಕವರು, ಅದರ ಮೇಲೆ ‘ಟಾಪ್‌ಲೋಡರ್’ ಎಂಬ ಗಟ್ಟಿ ಕವಚ, ಎರಡೂ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಬಿಸಿಲು ಬೀಳದ ಕಡೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ಪೊಟ್ಟಣ ಬದಲಿಸುತ್ತಿದ್ದರೆ ಮಲೆನಾಡಿನಲ್ಲೂ ಕಾರ್ಡು ಉಳಿಯುತ್ತದೆ.

ಸಹಿ ಇರುವ ಕಾರ್ಡಿನದು ಬೇರೆ ದಾರಿ. ಊರಿನ ಕಾರ್ಯಕ್ರಮಕ್ಕೆ ಬಂದ ಆಟಗಾರರಿಂದ ನೀವೇ ಪೆನ್ನು ಕೊಟ್ಟು ಸಹಿ ಹಾಕಿಸಿಕೊಂಡದ್ದಾದರೆ, ಮಾಮೂಲಿ ಗ್ರೇಡಿಂಗ್‌ನಲ್ಲಿ ಆ ಸಹಿ ಕಾರ್ಡಿನ ಮೇಲಿನ ಗೀಚು ಎಂದೇ ಲೆಕ್ಕ. ಸಹಿ ಪರೀಕ್ಷಿಸುವ ಸೇವೆ ಪ್ರತ್ಯೇಕವಾಗಿದೆ, ಅರ್ಜಿ ತುಂಬುವಾಗ ಅದನ್ನೇ ಆರಿಸಬೇಕು.

ಕಳಿಸುವುದು ಎಂದಾದರೆ

ನೇರವಾಗಿ ಕಳಿಸಬಹುದು, ಅಥವಾ ಹಲವರ ಕಾರ್ಡು ಒಟ್ಟು ಮಾಡಿ ಕಳಿಸುವವರ ಮೂಲಕ ಕಳಿಸಬಹುದು. ಒಂದೆರಡು ಕಾರ್ಡಿಗೆ ಸಾಗಣೆ ಖರ್ಚೇ ಹೊರೆಯಾಗುವುದರಿಂದ ಎರಡನೆಯ ದಾರಿ ಅಗ್ಗ. ಅಲ್ಲಿ ನಂಬಿಕೆಯೇ ಬಂಡವಾಳ. ಹಿಂದೆ ಕಳಿಸಿ ವಾಪಸ್ ಪಡೆದವರನ್ನು ಕೇಳಿ, ಕೊಟ್ಟ ಕಾರ್ಡುಗಳ ಪಟ್ಟಿಗೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ದಾರಿಯಲ್ಲಿ ಕಳೆದರೆ ಯಾರು ಹೊಣೆ ಎಂಬುದೂ ಅದರಲ್ಲಿರಲಿ.

ಅರ್ಜಿಯಲ್ಲಿ ಕಾರ್ಡಿನ ಅಂದಾಜು ಬೆಲೆ ಬರೆಯಬೇಕು. ಶುಲ್ಕದ ಹಂತ ಆ ಬೆಲೆಗೆ ಹೊಂದಿಕೊಂಡಿದೆ. ಅಗ್ಗದ ಹಂತದಲ್ಲಿ ಕಳಿಸಿದ ಕಾರ್ಡಿಗೆ ದೊಡ್ಡ ಅಂಕ ಬಂದು ಬೆಲೆ ಆ ಹಂತದ ಮಿತಿ ದಾಟಿದರೆ ಹೆಚ್ಚುವರಿ ಶುಲ್ಕ ಕೇಳುತ್ತಾರೆ. ಲೆಕ್ಕ ಹಾಕುವಾಗ ಅದಕ್ಕೂ ಜಾಗ ಬಿಡಿ.

ಗಡಿ ದಾಟುವ ಖರ್ಚು ಈಗ ಮೊದಲಿನಂತಿಲ್ಲ. 800 ಡಾಲರ್ ಒಳಗಿನ ಪಾರ್ಸೆಲ್ಲಿಗೆ ಅಮೆರಿಕ ಕೊಡುತ್ತಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿತು. ಆಗ ಭಾರತೀಯ ಅಂಚೆ ಇಲಾಖೆ ಅಮೆರಿಕಕ್ಕೆ ಪಾರ್ಸೆಲ್ ಸೇವೆಯನ್ನು ಕೆಲವು ವಾರ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಶುರು ಮಾಡಿತು. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಪ್ರಧಾನ ಅಂಚೆ ಕಚೇರಿಯಲ್ಲಿ ಅಥವಾ ಕೊರಿಯರ್ ಕಚೇರಿಯಲ್ಲಿ ಆ ದಿನದ ನಿಯಮ ಕೇಳಿಯೇ ಹೊರಡಿ. ವಾಪಸ್ ಬರುವಾಗ ಭಾರತದ ಕಸ್ಟಮ್ಸ್ ಅದನ್ನು ಹೊಸದಾಗಿ ಕೊಂಡ ಸರಕು ಎಂದುಕೊಂಡು ಸುಂಕ ಹಾಕಬಹುದು. ಹೋಗುವಾಗಲೇ ‘ನನ್ನದೇ ವಸ್ತು, ಪರೀಕ್ಷೆಗೆ ಹೋಗಿ ವಾಪಸ್ ಬರುತ್ತದೆ’ ಎಂದು ಕಾಗದಪತ್ರದಲ್ಲಿ ನಮೂದಿಸಿ, ರಸೀದಿ, ಕಾರ್ಡಿನ ಎರಡೂ ಬದಿಯ ಫೋಟೊ ಇಟ್ಟುಕೊಂಡಿದ್ದರೆ ವಾದಕ್ಕೆ ಆಧಾರವಿರುತ್ತದೆ.

ಪ್ಯಾಕಿಂಗ್ ಹೀಗೆ: ತೆಳು ಕವರಿನೊಳಗೆ ಕಾರ್ಡು, ಅದು ‘ಕಾರ್ಡ್ ಸೇವರ್’ ಎಂಬ ಅರೆಗಟ್ಟಿ ಕವಚದೊಳಗೆ. ಗ್ರೇಡಿಂಗ್ ಕಂಪನಿಗಳು ಟಾಪ್‌ಲೋಡರ್‌ಗಿಂತ ಇದನ್ನೇ ಬಯಸುತ್ತವೆ, ಏಕೆಂದರೆ ಕಾರ್ಡು ತೆಗೆಯುವಾಗ ಮೂಲೆ ತಾಗುವ ಭಯ ಕಡಿಮೆ. ಎರಡು ರಟ್ಟಿನ ನಡುವೆ ಇಟ್ಟು ರಟ್ಟುಗಳನ್ನು ಮಾತ್ರ ಕಟ್ಟಿ, ಅಂಟುಪಟ್ಟಿ ಕವಚಕ್ಕೆ ತಾಗಬಾರದು. ಡಬ್ಬಿಯೊಳಗೆ ಅಲುಗಾಡದಂತೆ ತುಂಬಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಳಿಸುವುದಾದರೆ ಒಳಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಕಡ್ಡಾಯ.

ವಾಪಸ್ ಬಂದ ಸ್ಲ್ಯಾಬಿನ ನೋಂದಣಿ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿ, ಅಲ್ಲಿ ಬರುವ ವಿವರ ಚೀಟಿಗೆ ಹೊಂದುತ್ತದೆಯೇ ನೋಡಿ. ಬೇರೆಯವರಿಂದ ಸ್ಲ್ಯಾಬ್ ಕೊಳ್ಳುವಾಗಲಂತೂ ಇದನ್ನು ದುಡ್ಡು ಕೊಡುವ ಮೊದಲೇ ಮಾಡಬೇಕು. ನಕಲಿ ಸ್ಲ್ಯಾಬುಗಳು ಅಸಲಿ ಕಾರ್ಡಿನ ಸಂಖ್ಯೆಯನ್ನೇ ನಕಲು ಮಾಡಿಕೊಂಡು ಬರುತ್ತವೆ. ಹಾಗಾಗಿ ಸಂಖ್ಯೆ ಹೊಂದಿದ ಮಾತ್ರಕ್ಕೆ ನಿಲ್ಲದೆ, ತಾಣದಲ್ಲಿ ಆ ಕಾರ್ಡಿನ ಫೋಟೊ ಇದ್ದರೆ ಅಂಚಿನ ಅಳತೆ, ಅಚ್ಚಿನ ಚುಕ್ಕೆಗಳನ್ನು ಕೈಯಲ್ಲಿರುವ ಕಾರ್ಡಿನ ಜೊತೆ ಹೋಲಿಸಿ ನೋಡಿ.